ನೀರಿನಿಂದ ಒಂದು ಮೊಳ ಮೇಲೆ

ಲಾರಿಸಾ
೧೯೯೧ ಸೆಪ್ಟೆಂಬರ್ ೨೦

ಪ್ರೀತಿಯ ಸೆವಾಸ್ತಿ ಅಕ್ಕ,

ಶಾಲೆ ಶುರುವಾಗಿ ಹತ್ತು ದಿನವಾಯಿತು. ಗೋಧಿ ಕೊಯ್ದ ಮೇಲೆ ನಮ್ಮ ಲಾರಿಸಾದ ಬಯಲೆಲ್ಲ ಬೋಳು. ಮಧ್ಯಾಹ್ನದ ಪಾಠದ ಹೊತ್ತಿಗೆ ಬಿಸಿಲು ಕೂಳೆಯ ಮೇಲೆ ಆಡುವಾಗ ಕಿಟಕಿಯಾಚೆ ನೀರು ನಿಂತಂತೆ ಕಾಣುತ್ತದೆ. ಮಾತು ನಿಲ್ಲಿಸಿ ಆ ಕಡೆ ನೋಡುತ್ತಾ ನಿಂತುಬಿಡುತ್ತೇನೆ. "ಟೀಚರ್ ಮತ್ತೆ ದ್ವೀಪಕ್ಕೆ ಹೋದ್ರು ಕಣ್ರೋ" ಎಂದು ಹಿಂದಿನ ಬೆಂಚಿನವರು ಪಿಸುಗುಟ್ಟುತ್ತಾರೆ. ಸುಳ್ಳೇನಲ್ಲ. ಆ ಹೊತ್ತಿಗೆ ನಾನು ನಿಮ್ಮ ಮನೆಯ ಮುಂದೆ ಕಾಲು ಇಳಿಬಿಟ್ಟು ಕೂತಿರುತ್ತೇನೆ, ಬಿಸಿನೀರಿನ ಬುಗ್ಗೆಯ ಹಬೆ ಕಡಲ ಮೇಲೆ ತೆವಳುತ್ತಿರುತ್ತದೆ, ನೀವು ಒಳಗಿನಿಂದ ಏನೋ ಬೈಯುತ್ತಿರುತ್ತೀರಿ.

ಒಂದು ಸುದ್ದಿ ಇದೆ. ಕುರ್ಚಿ ಎಳೆದುಕೊಂಡು ಕೂತು ಓದಿ. ಹದಿನೆಂಟು ವರ್ಷದಿಂದ ಪ್ರತಿ ಮೇ ತಿಂಗಳು ಭೂಗೋಳ ಪ್ರವಾಸವೆಂದು ಮೂವತ್ತು ಮಕ್ಕಳನ್ನು ನಿಮ್ಮ ಥೆರ್ಮೂಸಾ ದ್ವೀಪಕ್ಕೆ ಕರೆತಂದು ಚರ್ಚಿನ ಜಗಲಿಯಲ್ಲಿ ಮಲಗಿಸುತ್ತಿದ್ದೇನೆ. ಈ ಸಲ ಮುಖ್ಯೋಪಾಧ್ಯಾಯರು ಕಡ್ಡಿ ಮುರಿದಂತೆ ಹೇಳಿಬಿಟ್ಟರು: ಮಕ್ಕಳಿಗೆ ಸರಿಯಾದ ಸೂರು ಇಲ್ಲದಿದ್ದರೆ ಮುಂದೆ ಪ್ರವಾಸವೇ ಇಲ್ಲ. ನಾನು ಎರಡು ದಿನ ಊಟ ಬಿಟ್ಟು ಕೂತೆ. ಅಷ್ಟರಲ್ಲಿ ನಿಮ್ಮ ಊರಿನ ಅಧ್ಯಕ್ಷ ಅನಾರ್ಗಿರೋಸ್ ಅವರ ಕಾಗದ ಬಂತು. ಶಾಲಾ ಮಕ್ಕಳಿಗಾಗಿ ಒಂದು ಹಾಸ್ಟೆಲ್ ಕಟ್ಟಲು ಸರ್ಕಾರ ಒಪ್ಪಿದೆಯಂತೆ. ಜಾಗ ಯಾವುದು ಗೊತ್ತೇ? ನಿಮ್ಮ ಮನೆಯ ಪಕ್ಕದ ಖಾಲಿ ನಿವೇಶನ, ಕಡಲ ದಡದ್ದು!

ಇಂಜಿನಿಯರರಿಗೆ ಒಂದೇ ಅನುಮಾನವಂತೆ. ಅಗ್ನಿಪರ್ವತದ ದ್ವೀಪ, ಏರುತ್ತದೋ ಇಳಿಯುತ್ತದೋ ಹೇಳಲಾಗದು ಅಂತ. ಅದಕ್ಕೆ ಉತ್ತರ ನನ್ನ ಕಪಾಟಿನಲ್ಲಿದೆ ಎಂದು ಬರೆದುಬಿಟ್ಟೆ. ನಮ್ಮ ಮಕ್ಕಳು ಕಡಲಿಗೆ ತಾಗಿಕೊಂಡು ದೋಣಿ ಎಳೆದಿಡುವ ನಿಮ್ಮ ದೋಣಿಮನೆಯ ಗೋಡೆಯ ನೀಲಿ ಗೆರೆಯಿಂದ ನೀರಿನವರೆಗೆ ವರ್ಷವರ್ಷವೂ ಅಳೆದು ಬರೆದಿಟ್ಟ ಪುಸ್ತಕ ಇದೆಯಲ್ಲ!

ನಿಮ್ಮ
ಎರಿಫಿಲಿ


ಥೆರ್ಮೂಸಾ, ಕೆಳಗಿನ ಕೇರಿ
೧೯೯೧ ಅಕ್ಟೋಬರ್ ೮

ಟೀಚರಮ್ಮ,

ನಿಮ್ಮ ಕಾಗದವನ್ನು ಅಂಚೆಯವನು ಅನಾರ್ಗಿರೋಸನ ಕಾಫಿ ಅಂಗಡಿಯಲ್ಲಿ ಇಟ್ಟು ಹೋಗಿದ್ದ. ಲಕೋಟೆ ಒಡೆದಿರಲಿಲ್ಲ, ಆದರೂ ಒಳಗೇನಿದೆ ಎಂದು ಊರಿಗೆಲ್ಲ ಗೊತ್ತಿತ್ತು. ನಾನು ಹೊಸ್ತಿಲು ದಾಟುವುದಕ್ಕೂ ಬಿಡಲಿಲ್ಲ ಆ ಅಧ್ಯಕ್ಷ ಮಹಾಶಯ.

"ಏನವ್ವಾ ಸೆವಾಸ್ತಿ, ಈ ವಯಸ್ಸಲ್ಲಿ ಮೂವತ್ತು ಮಕ್ಕಳು ಒಟ್ಟಿಗೇ ಹುಟ್ಟಿದ್ವಂತೆ!"

"ಹೂಂ ಕಣಪ್ಪಾ. ಒಂದಕ್ಕೂ ನಿನ್ನ ಮೂಗು ಬರಲಿಲ್ಲ, ಅಷ್ಟೇ ಪುಣ್ಯ" ಎಂದೆ. ಇಸ್ಪೀಟು ಆಡುತ್ತಿದ್ದವರೆಲ್ಲ ನಕ್ಕು ಎಲೆ ಚೆಲ್ಲಿದರು. ಅಲ್ಲಿ ಫೋನು ಇದ್ದರೂ ನಾನು ನಿಮಗೆ ಕಾಗದವನ್ನೇ ಬರೆಯುವುದು ಯಾಕೆಂದು ಈಗಲಾದರೂ ತಿಳಿಯಿತೇ?

ನಿಜ ಹೇಳಲಾ ಟೀಚರಮ್ಮ, ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಮೇಲಿನ ಊರಲ್ಲಿ ಬೀಗ ಹಾಕಿರುವ ಹಳೇ ಶಾಲೆಗೆ ನಿಮ್ಮನ್ನೆಲ್ಲ ಹಾಕುತ್ತಾರೇನೋ ಎಂದು ಹೆದರಿದ್ದೆ. ನೂರಾ ನಲವತ್ತು ಮೆಟ್ಟಿಲು. ನನ್ನ ಮಂಡಿಗೆ ಅದು ಈ ಜನ್ಮದ ಮಾತಲ್ಲ. ನಮ್ಮ ಯಜಮಾನರು ನೋಮಿಕೋಸ್ ಹೋದ ಮೇಲೆ ಈ ಕೊಲ್ಲಿಯಲ್ಲಿ ವರ್ಷಕ್ಕೆ ನಾಲ್ಕೇ ದಿನ ನನ್ನನ್ನು "ಅತ್ತೇ" ಎಂದು ಕೂಗುವವರು ಇರುವುದು, ನಿಮ್ಮ ಮಕ್ಕಳು. ಇನ್ನು ಬೇರೆ ಬೇರೆ ಊರಿನ ಶಾಲೆಗಳೂ ಬರುತ್ತವಂತೆ. ಏಪ್ರಿಲಿನಿಂದ ಅಕ್ಟೋಬರ್‌ವರೆಗೆ ನನ್ನ ಅಡುಗೆಮನೆ ಕಿಟಕಿಯ ಎದುರಿಗೇ ಮಕ್ಕಳ ಬಟ್ಟೆ ಒಣಗುತ್ತಿರುತ್ತವೆ. ನಿನ್ನೆ ಮಧ್ಯಾಹ್ನ ಸುಮ್ಮನೆ ಒರಗಿದ್ದಾಗ ಕಣ್ಣು ಮುಚ್ಚಿದರೆ ಆ ಬಟ್ಟೆಗಳೇ, ಗಾಳಿಗೆ ತೋಳು ಆಡಿಸುತ್ತಾ. ಕಣ್ಣು ಬಿಡಲು ಮನಸ್ಸೇ ಬರಲಿಲ್ಲ.

ಬೇರೆ ವಿಶೇಷ ಇಲ್ಲ. ದೋಣಿಮನೆಯಲ್ಲಿ ಇಟ್ಟಿದ್ದ ಹಿಟ್ಟಿನ ಮೂಟೆಗಳನ್ನು ಅಟ್ಟಕ್ಕೆ ಹಾಕಿಸಿದೆ. ಇಲಿ ಕಾಟ. ಅಂಜೂರ ಒಣಗಿಸಿ ಕಳಿಸಿದ್ದೇನೆ, ಹಿಂದಿನ ಬೆಂಚಿನವರಿಗೆ ಎರಡೆರಡು ಕೊಡಿ.

ಸೆವಾಸ್ತಿ


ಲಾರಿಸಾ
೧೯೯೧ ಅಕ್ಟೋಬರ್ ೩೦

ಪ್ರೀತಿಯ ಅಕ್ಕ,

ಅಂಜೂರ ಒಂದೇ ಗಂಟೆಯಲ್ಲಿ ಖಾಲಿ. ಇಲಿಗೆ ಮೂಟೆ ಎತ್ತಿಡುವುದು ಪರಿಹಾರವಲ್ಲ, ಒಂದು ಬೆಕ್ಕು ಸಾಕಿ. ನಿಮ್ಮ ಊರಿನ ಹಡಗುಕಟ್ಟೆಯಲ್ಲಿ ಬೆಕ್ಕುಗಳಿಗೇನು ಬರವೇ?

ಇಂಜಿನಿಯರರಿಗೆ ಬರೆದ ಪತ್ರದ ಸಾರ ನಿಮಗೂ ತಿಳಿಯಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ, ಅದರಲ್ಲಿ ನಿಮ್ಮ ಹೆಸರೂ ಇದೆ: "ನಮ್ಮ ಕಡಲಿಗೆ ಭರತ ಇಳಿತ ಅಷ್ಟಾಗಿ ಇಲ್ಲದ ಕಾರಣ ಗೋಡೆಯ ಮೇಲೆ ಒಂದು ಕದಲದ ಗುರುತಿದ್ದರೆ ಸಾಕು, ನೆಲ ಇಳಿಯುತ್ತಿದೆಯೇ ಎಂದು ಹೇಳಬಹುದು. ೧೯೭೪ರಲ್ಲಿ ದಿವಂಗತ ನೋಮಿಕೋಸ್ ಅವರು ದೋಣಿಗೆ ಬಳಿದು ಮಿಕ್ಕ ನೀಲಿ ಬಣ್ಣದಲ್ಲಿ ತಮ್ಮ ಗೋಡೆಯ ಮೇಲೆ ಗೆರೆ ಎಳೆದುಕೊಟ್ಟರು. ಅಂದಿನಿಂದ ಗಾಳಿಯಿಲ್ಲದ ಬೆಳಗ್ಗೆ ಮಕ್ಕಳು ಅಳೆಯುತ್ತ ಬಂದಿದ್ದಾರೆ. ಆಗ ನೀರಿಗೂ ಗೆರೆಗೂ ನಲವತ್ತಮೂರು ಸೆಂಟಿಮೀಟರ್. ಈ ವರ್ಷವೂ ನಲವತ್ತಮೂರು. ಹದಿನೆಂಟು ವರ್ಷದಲ್ಲಿ ಕಡಲು ಒಂದು ಬೆರಳೂ ಮೇಲೇರಿಲ್ಲ."

ನಡುವೆ ಮೂರು ವರ್ಷ, ಎಂಬತ್ತೊಂದರಿಂದ ಎಂಬತ್ತಮೂರರವರೆಗೆ, ಮಕ್ಕಳು ಅಳತೆ ತಪ್ಪಿದ್ದರು. ನಲವತ್ತೊಂದು, ನಲವತ್ತು, ಮೂವತ್ತೆಂಟು ಎಂದು ಬರೆದರು. ಮೂರನೆಯ ವರ್ಷ ಪೋಲಿಕ್ಸೆನಿ ಎಂಬ ಹುಡುಗಿ "ಮೂವತ್ತೆಂಟೇ ಟೀಚರ್, ಬೇಕಾದ್ರೆ ನೀವೇ ನೋಡಿ" ಎಂದು ಹಟ ಹಿಡಿದಳು. ಕೋಲು ನೆಟ್ಟಗೆ ಹಿಡಿಯಲು ಬಾರದವಳು ಎಂದು ಎಲ್ಲರೆದುರು ಗದರಿಸಿದೆ. ಆಮೇಲೆ ನಾನೇ ಮೂರನ್ನೂ ಕೆಂಪು ಶಾಯಿಯಲ್ಲಿ ತಿದ್ದಿದೆ. ಎಂಬತ್ತನಾಲ್ಕರಲ್ಲಿ ಮತ್ತೆ ನಲವತ್ತಮೂರೇ ಬಂದಾಗ ನನಗೆ ಎಷ್ಟು ಸಮಾಧಾನವಾಯಿತು ಎನ್ನುತ್ತೀರಿ!

ನನ್ನ ಮೂವತ್ತು ವರ್ಷದ ಮೇಷ್ಟರಿಕೆಯಲ್ಲಿ ನಾಲ್ಕು ಜನಕ್ಕೆ ಉಪಯೋಗವಾಗುವಂಥದ್ದು ಇದೊಂದೇ ಪುಸ್ತಕ. ಅದರ ಮೇಲೆ ಒಂದು ಮನೆ ಏಳುತ್ತದೆ ಎಂದು ನೆನೆದರೆ ನೆಲದ ಮೇಲೆ ಕಾಲು ನಿಲ್ಲುವುದಿಲ್ಲ.

ಎರಿಫಿಲಿ


ಥೆರ್ಮೂಸಾ
೧೯೯೨ ಜನವರಿ ೧೨

ಟೀಚರಮ್ಮ,

ಇಷ್ಟು ದಿನ ಬರೆಯಲಿಲ್ಲ ಎಂದು ಬೇಸರ ಬೇಡ. ದಕ್ಷಿಣದ ಗಾಳಿ ಹತ್ತು ದಿನ ಬಿಡದೆ ಬೀಸಿತು, ಹಡಗು ಇಲ್ಲ. ಹಬ್ಬವೂ ಹಾಗೇ ಹೋಯಿತು. ನಾನು ಆರೋಗ್ಯವಾಗಿದ್ದೇನೆ. ಬೆಕ್ಕು ತಂದಿಲ್ಲ.

ಒಂದು ಮಾತು ಕೇಳಬೇಕಿತ್ತು. ನನಗಾಗಿ ಅಲ್ಲ, ಇಲ್ಲಿ ಒಬ್ಬರು ಕೇಳಿದರು. ನೀವು ಬರೆದ "ಕದಲದ ಗುರುತು" ಎಂದರೆ ಆ ಗೆರೆ ಎಳೆದ ಜಾಗದಲ್ಲೇ ಇರಬೇಕು ಅಂತಲೋ? ಬಣ್ಣ ಹೊಸದಾಗಿ ಹಚ್ಚಿದರೆ ಲೆಕ್ಕಕ್ಕೆ ತೊಂದರೆ ಉಂಟೋ? ಆ ಗೆರೆ ಮಕ್ಕಳಿಗೆ ಕೋಲು ಹಿಡಿಯುವುದು ಕಲಿಸುವುದಕ್ಕೆ ಮಾತ್ರ ಎಂದು ಅವರು ತಿಳಿದಿದ್ದರಂತೆ.

ಚಳಿ ಜಾಸ್ತಿ. ಇಷ್ಟೇ.

ಸೆವಾಸ್ತಿ


ಲಾರಿಸಾ
೧೯೯೨ ಫೆಬ್ರವರಿ ೨

ಪ್ರೀತಿಯ ಅಕ್ಕ,

ನೀವು ಎಷ್ಟು ಸೂಕ್ಷ್ಮ! ಗೆರೆ ಮಾಸಿದೆ, ಮುಟ್ಟಲೋ ಬೇಡವೋ ಎಂದು ಸಂಕೋಚಪಟ್ಟು "ಯಾರೋ ಕೇಳಿದರು" ಎಂದು ಬರೆದಿದ್ದೀರಿ. ಧಾರಾಳವಾಗಿ ಹಚ್ಚಿ, ಹಳೆಯ ಗೆರೆಯ ಮೇಲೇ ಕುಂಚ ಹೋದರೆ ಏನೂ ತೊಂದರೆ ಇಲ್ಲ.

ನಕ್ಷೆಗೆ ಒಪ್ಪಿಗೆ ಸಿಕ್ಕಿದೆ. ಈಸ್ಟರ್ ಮುಗಿದ ಮೇಲೆ ಅಡಿಪಾಯ. ಹುಡುಗಿಯರ ಕೋಣೆ ಕಡಲ ಕಡೆಗೆ, ಹಾಸಿಗೆ ನೆಲದ ಮೇಲೆ. ಅಲೆಯ ಸದ್ದು ಕೇಳುತ್ತಾ ಮಲಗಲಿ ಎಂದು ನಾನೇ ಹೇಳಿ ಹಾಗೆ ಬರೆಸಿದೆ. ನಮ್ಮ ಬಯಲಿನ ಮಕ್ಕಳಿಗೆ ಆ ಸದ್ದು ಗೊತ್ತಿಲ್ಲ. ಈ ಬಯಲೂ ಒಂದು ಕಾಲದಲ್ಲಿ ನೀರಿನಡಿ ಇತ್ತು ಎಂದು ಪಾಠದಲ್ಲಿ ಹೇಳಿದರೆ ಬಾಯಿ ಬಿಟ್ಟು ಕೇಳುತ್ತಾರೆ. ಮೊನ್ನೆ ರಾಲ್ಲೂ ಎಂಬ ಹುಡುಗಿ, ಲೆಕ್ಕದಲ್ಲಿ ಬಲು ಚುರುಕು, ಎದ್ದು ನಿಂತು "ಹಾಗಾದ್ರೆ ನೀರು ಹೋಗಿದ್ದು ಎಲ್ಲಿಗೆ ಟೀಚರ್, ವಾಪಸ್ ಬರಲ್ವಾ?" ಎಂದಳು. ನಾನು ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ, ಯಾಕೋ.

ನಿಮ್ಮ ಹತ್ತಿರ ಮುಚ್ಚಿಟ್ಟ ಮಾತೊಂದಿದೆ. ಬರುವ ವರ್ಷ ಜೂನ್‌ನಲ್ಲಿ ನಾನು ನಿವೃತ್ತಳಾಗುತ್ತೇನೆ. ನನ್ನ ನಂತರ ಬರುವವರು ಮಕ್ಕಳನ್ನು ಇಷ್ಟು ದೂರ ಕರೆತರುವವರಲ್ಲ, ಆ ಮನೆ ಎದ್ದು ನಿಂತಿದ್ದರೆ ಮಾತ್ರ ಕರೆತಂದಾರು.

ಎರಿಫಿಲಿ


ಥೆರ್ಮೂಸಾ
೧೯೯೨ ಮಾರ್ಚ್ ೧

ಟೀಚರಮ್ಮ,

ಹಾಸಿಗೆ ನೆಲದ ಮೇಲೆ ಎಂದು ಬರೆದಿದ್ದೀರಲ್ಲ, ಆ ಸಾಲು ಓದಿದ ಮೇಲೆ ನನ್ನ ಕೈಯಲ್ಲಿ ಇನ್ನು ಇಟ್ಟುಕೊಳ್ಳಲು ಆಗುವುದಿಲ್ಲ. ಬೈಯುವುದಾದರೆ ಪೂರ್ತಿ ಓದಿ ಬೈಯಿರಿ.

ಕೇಳಿದ "ಒಬ್ಬರು" ನಾನೇ. ಗೆರೆ ಮಾಸಿಲ್ಲ. ಮಾಸುವುದಕ್ಕೆ ಪುರುಸೊತ್ತೇ ಎಲ್ಲಿ, ನಾನೇ ವರ್ಷವರ್ಷ ಹೊಸದು ಬಳಿಯುತ್ತಿದ್ದೆನಲ್ಲ!

ನಮ್ಮಲ್ಲಿ ಈಸ್ಟರಿಗೆ ಮೊದಲಿನ ವಾರ ಸುಣ್ಣ ಬಳಿಯದ ಗೋಡೆ ಇರಕೂಡದು. ಮನೆ, ಮೆಟ್ಟಿಲು, ಮರದ ಬುಡ, ಬೀದಿಯ ಕಲ್ಲಿನ ಸಂದು, ಎಲ್ಲಾ ಬೆಳ್ಳಗಾಗಬೇಕು. ಎಪ್ಪತ್ತೈದರಲ್ಲಿ ಎಂದಿನಂತೆ ದೋಣಿಮನೆ ಗೋಡೆಗೂ ಬಳಿದೆ, ಗೆರೆಯ ನೆನಪೇ ಇಲ್ಲ. ಮುಗಿಸಿ ಬಕೆಟ್ಟು ಕೆಳಗಿಟ್ಟಾಗಲೇ ನೆನಪಾದದ್ದು. ಎರಡು ವಾರಕ್ಕೆ ನಿಮ್ಮ ಮಕ್ಕಳು ಬರುವವರು.

"ಅಯ್ಯೋ, ಟೀಚರಮ್ಮನ ಗೆರೆ ಹೊಡೆದುಹಾಕ್ಬಿಟ್ನಲ್ರೀ" ಎಂದೆ.

ನೋಮಿಕೋಸ್ ಬಲೆ ಹೊಲಿಯುತ್ತಾ ಕೂತಿದ್ದವರು ತಲೆಯನ್ನೂ ಎತ್ತಲಿಲ್ಲ. "ಅದಕ್ಕ್ಯಾಕೆ ಬಾಯಿ ಬಡ್ಕೊತೀಯೇ? ನೀರಿಂದ ನಿನ್ನ ಕೈಲಿ ಒಂದು ಮೊಳ ಮೇಲೆ ಇತ್ತು. ಎಳೆದು ಬಿಸಾಕು."

ಎಳೆದೆ. ನೀರಿಗೆ ಬೆರಳ ತುದಿ ತಾಗಿಸಿ, ಮೊಣಕೈ ಬಂದ ಕಡೆ ಕುಂಚ ಇಟ್ಟೆ. ಮಕ್ಕಳು ಬಂದು ನಲವತ್ತಮೂರು ಎಂದು ಕುಣಿದರು. ನಿಮ್ಮ ಮುಖ ಅರಳಿದ್ದು ನೋಡಿ ನನಗೂ ಖುಷಿಯಾಯಿತು. ಅಂದಿನಿಂದ ಅದೇ ಪದ್ಧತಿ: ಸುಣ್ಣ, ಆಮೇಲೆ ಒಂದು ಮೊಳ, ಆಮೇಲೆ ನೀಲಿ ಗೆರೆ. ಹದಿನೆಂಟು ವರ್ಷ ನಿಮ್ಮ ಮಕ್ಕಳು ಅಳೆದದ್ದು ಕಡಲನ್ನಲ್ಲ, ನನ್ನ ಮೊಣಕೈಯನ್ನು.

ಇಷ್ಟು ನನ್ನ ದಡ್ಡತನ. ಇದನ್ನು ಕ್ಷಮಿಸಿದರೂ ಕ್ಷಮಿಸಿಯೀರಿ. ಇನ್ನೊಂದು ಮಾತ್ರ ದಡ್ಡತನವಲ್ಲ. ಮೂಟೆ ಎತ್ತಿಟ್ಟದ್ದು ಇಲಿಗಲ್ಲ. ಮೂರು ಚಳಿಗಾಲದಿಂದ ದಕ್ಷಿಣದ ಗಾಳಿ ಬಂದರೆ ದೋಣಿಮನೆಯೊಳಗೆ ನೀರು ಬರುತ್ತಿದೆ. ನಾನು ಮದುವೆಯಾಗಿ ಬಂದಾಗ ಕಡಲಿಗೆ ಇಳಿಯಲು ಐದು ಮೆಟ್ಟಿಲು ಇದ್ದವು, ಈಗ ಮೂರು ಕಾಣುತ್ತವೆ. ನನಗೆ ಗೊತ್ತಿತ್ತು. ನಿಮಗೆ ಹೇಳಿದರೆ ಮಕ್ಕಳನ್ನು ಬೇರೆ ಕಡೆ ಕರೆದೊಯ್ಯುತ್ತೀರಿ ಎಂದು ಬಾಯಿ ಮುಚ್ಚಿಕೊಂಡಿದ್ದೆ. ಹಾಸ್ಟೆಲ್ ಸುದ್ದಿ ಬಂದಾಗಲೂ ಮುಚ್ಚಿಕೊಂಡಿದ್ದೆ. ಅಷ್ಟು ಆಸೆ ನನಗೆ.

ಮೊನ್ನೆ ಮಧ್ಯಾಹ್ನದ ನಿದ್ದೆಯಲ್ಲಿ ಮತ್ತೆ ಆ ಹಾಸ್ಟೆಲ್ ಕಂಡಿತು. ಕಟ್ಟಿ ಮುಗಿದಿತ್ತು, ಬಿಳಿ ಮನೆ. ಒಳಗೆ ಮಕ್ಕಳೆಲ್ಲ ಮಲಗಿದ್ದವು. ಚಪ್ಪಲಿಗಳು ಮಾತ್ರ ಎದ್ದು, ಸದ್ದಿಲ್ಲದೆ, ಒಂದರ ಹಿಂದೆ ಒಂದು ಬಾಗಿಲ ಕಡೆ ತೇಲಿ ಹೋಗುತ್ತಿದ್ದವು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಾ ಎಷ್ಟು ಚೆಂದ ಎಂದುಕೊಂಡೆ. ಎದ್ದವಳೇ ಹೋಗಿ ನೀರು ಎಲ್ಲಿಯವರೆಗೆ ಬಂದಿದೆ ಎಂದು ನೋಡಿದೆ.

ಆ ಪತ್ರ ವಾಪಸ್ ತೆಗೆದುಕೊಳ್ಳಿ. ಅಲ್ಲಿ ಮಕ್ಕಳನ್ನು ಮಲಗಿಸಬೇಡಿ.

ಸೆವಾಸ್ತಿ


ಥೆರ್ಮೂಸಾ
೧೯೯೨ ಏಪ್ರಿಲ್ ೨೦, ಈಸ್ಟರ್ ವಾರದ ಸೋಮವಾರ

ಟೀಚರಮ್ಮ,

ಏಳು ವಾರವಾಯಿತು, ನಿಮ್ಮಿಂದ ಒಂದು ಗೀಟೂ ಇಲ್ಲ. ಹಡಗು ಬಂದ ದಿನವೆಲ್ಲ ಕಾಫಿ ಅಂಗಡಿಗೆ ಹೋಗಿ ನಿಂತೆ. "ನಿನಗೇನಿಲ್ಲ ಸೆವಾಸ್ತಿ" ಎಂದು ಅನಾರ್ಗಿರೋಸ್ ದೂರದಿಂದಲೇ ಕೈಯಾಡಿಸಿಬಿಡುತ್ತಾನೆ. ಅವನಿಗೆ ಇನ್ನೂ ಏನೂ ಗೊತ್ತಿಲ್ಲ ಎಂದರೆ ನೀವು ಪತ್ರ ವಾಪಸ್ ತೆಗೆದುಕೊಂಡಿಲ್ಲ. ಕೋಪವೋ, ಕಾಯಿಲೆಯೋ, ಅಥವಾ ನಾನು ಬರೆದದ್ದು ಕಡಲಲ್ಲೇ ಬಿತ್ತೋ ತಿಳಿಯದೆ ಒದ್ದಾಡುತ್ತಿದ್ದೇನೆ.

ಕೂತಲ್ಲಿ ಕೂರಲಾಗದೆ ಒಂದು ಕೆಲಸ ಮಾಡಿದೆ. ಈ ವರ್ಷ ನಾನು ಸುಣ್ಣ ಬಳಿಯಲಿಲ್ಲ. ಊರೆಲ್ಲ ಬೆಳ್ಳಗಾಯಿತು, ನನ್ನ ಮನೆ ಒಂದೇ ಕೊಳಕು. ನಮ್ಮಲ್ಲಿ ಸಾವಿನ ಮನೆಯವರು ಮಾತ್ರ ಹಬ್ಬಕ್ಕೆ ಸುಣ್ಣ ಬಿಡುವುದು. ಶನಿವಾರ ಪಾದ್ರಿಯ ಹೆಂಡತಿ ಕಪ್ಪು ಶಾಲು ಹೊದ್ದು, ತಟ್ಟೆಯಲ್ಲಿ ರಸ್ಕು ಇಟ್ಟುಕೊಂಡು ಬಂದಳು.

"ಯಾರು ಹೋದ್ರು ಸೆವಾಸ್ತಿ? ನಮಗೆ ಹೇಳ್ಲೇ ಇಲ್ವಲ್ಲೇ" ಎಂದು ಕಣ್ಣೊರೆಸಿಕೊಂಡಳು.

"ಯಾರೂ ಹೋಗಿಲ್ಲ ತಾಯಿ. ರಸ್ಕು ಇಟ್ಟು ಹೋಗು, ಚೆನ್ನಾಗಿದೆ" ಎಂದೆ.

ಸುಣ್ಣದ ಬದಲು ದೋಣಿಯ ತಳ ಕೆರೆಯುವ ನೋಮಿಕೋಸ್ ಅವರ ಕೆರೆಚಾಕು ಹಿಡಿದು ದೋಣಿಮನೆ ಗೋಡೆಯ ಮುಂದೆ ಮಣೆ ಹಾಕಿ ಕೂತೆ. ಆ ಸುಳ್ಳು ಗೆರೆಯನ್ನು ಕಿತ್ತುಹಾಕೋಣ ಎಂದೇ ಕೂತದ್ದು. ಕಳೆದ ವರ್ಷದ ಗೆರೆ ಎದ್ದುಬಂತು. ಅದರ ಹಿಂದಿನ ಸುಣ್ಣ ಚಕ್ಕೆಯಾಗಿ ಕಳಚಿತು. ಅದರಡಿ ಇನ್ನೊಂದು ನೀಲಿ ಗೆರೆ, ಮೊದಲಿನದಕ್ಕಿಂತ ಒಂದು ಬೆರಳು ಕೆಳಗೆ. ಇನ್ನೊಂದು ಪದರ ಕೆರೆದೆ. ಇನ್ನೊಂದು ಗೆರೆ, ಇನ್ನೊಂದು ಬೆರಳು ಕೆಳಗೆ.

ಟೀಚರಮ್ಮ, ಎಲ್ಲಾ ಅಲ್ಲೇ ಇವೆ! ಒಂದನ್ನೂ ನಾನು ಒರೆಸಿರಲಿಲ್ಲ, ಸುಣ್ಣ ಹೊದಿಸಿ ಹೊದಿಸಿ ಮುಚ್ಚಿಟ್ಟಿದ್ದೆ ಅಷ್ಟೇ. ಮೂರು ದಿನ ಕೂತು ಮೆಲ್ಲಗೆ ಬಿಡಿಸಿದೆ. ಒಂದೊಂದು ಪದರವನ್ನೂ ಒಂದು ಅಂಗೈ ಅಗಲ ಬಿಟ್ಟು ಮುಂದಿನದನ್ನು ಕೆರೆದೆ. ಈಗ ಗೋಡೆಯ ಮೇಲೆ ಹದಿನೈದು ನೀಲಿ ಗೆರೆಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಹೋಗುತ್ತವೆ. ಎಲ್ಲಕ್ಕಿಂತ ಕೆಳಗೆ ಬರಿಯ ಕಲ್ಲಿನ ಮೇಲೆ ನೋಮಿಕೋಸ್ ಎಳೆದದ್ದು, ಅವರ ಕುಂಚ ಯಾವಾಗಲೂ ಕೊನೆಯಲ್ಲಿ ಬಲಕ್ಕೆ ಜಾರುತ್ತಿತ್ತು. ಅದು ಈಗ ನೀರಿನಿಂದ ಏಳೇ ಬೆರಳು ಮೇಲೆ. ಅದರ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಬೆಳಗಿನ ಹೊತ್ತು, ಹಬೆ ಗೋಡೆಯವರೆಗೂ ಬಂದು ಕಾಲು ಬೆಚ್ಚಗಾಗುತ್ತಿತ್ತು. ಯಾವ ವರ್ಷದಲ್ಲಿ ಕೂತಿದ್ದೇನೆ ಎಂದೇ ತಿಳಿಯಲಿಲ್ಲ.

ಹದಿನೆಂಟು ವರ್ಷಕ್ಕೆ ಹದಿನೈದೇ ಗೆರೆ ಯಾಕೆ ಎಂದು ಎಣಿಸಿ ಎಣಿಸಿ ಸಾಕಾಯಿತು. ಆಮೇಲೆ ಹೊಳೆಯಿತು. ಅವರು ತೀರಿಕೊಂಡದ್ದು ಎಂಬತ್ತೊಂದರ ಚಳಿಗಾಲದಲ್ಲಿ, ಆ ವರ್ಷದ ಈಸ್ಟರಿಗೆ ಮೊದಲು. ಸೂತಕವೆಂದು ಮೂರು ವರ್ಷ ನಾನು ಸುಣ್ಣದ ಬಕೆಟ್ಟು ಮುಟ್ಟಿರಲಿಲ್ಲ. ಕೆಳಗಿನಿಂದ ಎಣಿಸಿದರೆ ಏಳನೆಯ ಗೆರೆಗೂ ಎಂಟನೆಯದಕ್ಕೂ ನಡುವೆ ನಾಲ್ಕು ಬೆರಳು ಜಾಗ ಇದೆ. ನಿಮ್ಮ ಪುಸ್ತಕದಲ್ಲಿ ಕೆಂಪು ಶಾಯಿಯ ಮೂರು ವರ್ಷ ಯಾವುದು, ನೋಡಿಕೊಳ್ಳಿ.

ಬೈಯುವುದಕ್ಕಾದರೂ ಒಂದು ಸಾಲು ಬರೆಯಿರಿ.

ಸೆವಾಸ್ತಿ


ಲಾರಿಸಾ
೧೯೯೨ ಮೇ ೫

ಅಕ್ಕ,

ನಿಮ್ಮ ಮಾರ್ಚಿನ ಕಾಗದ ಬಂದಿತ್ತು. ಓದಿ ಮಡಚಿ ಪುಸ್ತಕದೊಳಗೆ ಇಟ್ಟೆ. ಉತ್ತರ ಬರೆಯಲು ಹತ್ತು ಸಲ ಕೂತೆ, ಹತ್ತೂ ಸಲ ಸಿಟ್ಟಿನಲ್ಲಿ ಹಾಳೆ ಹರಿದೆ. ಹದಿನೆಂಟು ವರ್ಷ, ಐನೂರಕ್ಕೂ ಹೆಚ್ಚು ಮಕ್ಕಳು, ಒಬ್ಬ ಹೆಂಗಸಿನ ಮೊಣಕೈ! ಸಿಟ್ಟು ನಿಮ್ಮ ಮೇಲೆ ಎಂದುಕೊಂಡು ಎರಡು ತಿಂಗಳು ಇದ್ದೆ. ನಾಚಿಕೆಯ ಮಾತು ಹೇಳುತ್ತೇನೆ: ಪತ್ರವನ್ನು ವಾಪಸ್ ತೆಗೆದುಕೊಳ್ಳದೆ ಸುಮ್ಮನಿದ್ದೆ. ಮನೆ ಎದ್ದರೆ ಏಳಲಿ, ಗಾಳಿ ಬೀಸಿದ ದಿನ ಮಕ್ಕಳನ್ನು ಬೇರೆ ಕಡೆ ಮಲಗಿಸಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ನನಗೂ ಅಷ್ಟು ಆಸೆ, ಅಕ್ಕ.

ಏಪ್ರಿಲಿನ ಕಾಗದ ಬಂದ ಸಂಜೆ ಪುಸ್ತಕ ತೆರೆದು ಕೆಂಪು ಶಾಯಿಯ ಅಡಿಯಲ್ಲಿದ್ದ ಅಂಕಿಗಳನ್ನು ನೋಡಿದೆ. ಇಡೀ ಪುಸ್ತಕದಲ್ಲಿ ಸತ್ಯವನ್ನು ಬರೆದದ್ದು ಆ ಮೂರು ವರ್ಷ ಮಾತ್ರ. ಅದನ್ನು ಹೊಡೆದುಹಾಕಿದವಳು ನಾನು. ನಿಮಗೆ ಗೆರೆ ಏನೆಂದು ಗೊತ್ತಿರಲಿಲ್ಲ, ನನಗೆ ಗೊತ್ತಿತ್ತಲ್ಲ! ಒಂದು ಸಲ ನಾನೇ ಬಗ್ಗಿ ಕೋಲು ಹಿಡಿದು ನೋಡಬಹುದಿತ್ತು.

ಪೋಲಿಕ್ಸೆನಿಯನ್ನು ಹುಡುಕಿದೆ. ವೋಲೋಸ್‌ನಲ್ಲಿ ಔಷಧದ ಅಂಗಡಿಯಲ್ಲಿ ಕೆಲಸ. ಫೋನು ಮಾಡಿ, ನಾನು ಇಂಥವಳು, ದ್ವೀಪದಲ್ಲಿ ನಿನ್ನನ್ನು ಬೈದಿದ್ದೆ, ನೆನಪಿದೆಯಾ ಎಂದೆ.

"ಇಲ್ಲ ಟೀಚರ್, ಅದೆಲ್ಲ ಯಾರಿಗೆ ನೆನಪಿರುತ್ತೆ ಬಿಡಿ" ಎಂದಳು. ಯಾರಿಗೋ ಮಾತ್ರೆ ಕೊಟ್ಟು ಚಿಲ್ಲರೆ ಎಣಿಸುವ ಸದ್ದು ಕೇಳಿಸಿತು. ಆಮೇಲೆ ಮೆಲ್ಲಗೆ, "ಮೂವತ್ತೆಂಟು" ಎಂದಳು.

ನಿನ್ನೆ ಇಂಜಿನಿಯರರಿಗೂ ಅನಾರ್ಗಿರೋಸ್ ಅವರಿಗೂ ಬರೆದು ಹಾಕಿದೆ: ನನ್ನ ಪತ್ರ ತಪ್ಪು, ದಡದಲ್ಲಿ ಕಟ್ಟಬೇಡಿ. ಇಪ್ಪತ್ತಕ್ಕೆ ಮಕ್ಕಳೊಂದಿಗೆ ಬರುತ್ತಿದ್ದೇನೆ, ಮುಖ್ಯೋಪಾಧ್ಯಾಯರು ಈ ವರ್ಷಕ್ಕೆ ಮಾತ್ರ ಒಪ್ಪಿದ್ದಾರೆ. ಇದೇ ಕೊನೆಯ ಪ್ರವಾಸ ಇರಬಹುದು. ಆ ಗೋಡೆಯನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಿ.

ಎರಿಫಿಲಿ


ಥೆರ್ಮೂಸಾ
೧೯೯೨ ಜೂನ್ ೩

ಎರಿಫಿಲಿ,

ಇಷ್ಟೆಲ್ಲ ಆದ ಮೇಲೆ ಇನ್ನು "ಟೀಚರಮ್ಮ, ನೀವು" ಎನ್ನುವುದು ನನ್ನ ಕೈಯಲ್ಲಿ ಆಗುವುದಿಲ್ಲ. ಬೇಸರವಾದರೆ ಹೇಳು, ಬಿಡುತ್ತೇನೆ.

ನೀವೆಲ್ಲ ಹಡಗು ಹತ್ತಿದ ಮರುದಿನವೇ ಸಭೆ ಆಯಿತು. ಅನಾರ್ಗಿರೋಸ್ ಗೋಡೆಯ ಎದುರಿಗೇ ಕುರ್ಚಿ ಹಾಕಿಸಿದ. ಅರ್ಧ ಊರು ನನ್ನನ್ನು ಬೈಯಿತು, ಇನ್ನರ್ಧ ನಕ್ಕಿತು. "ಹದಿನೆಂಟು ವರ್ಷ ಕಡಲನ್ನ ಒಂದೇ ಕೈಲಿ ಹಿಡಿದು ನಿಲ್ಲಿಸಿದ್ಯಲ್ಲೇ ಮಾರಾಯ್ತಿ, ಇನ್ನೊಂದು ಸ್ವಲ್ಪ ಹಿಡಿಯೋಕಾಗ್ತಿರ್ಲಿಲ್ವಾ?" ಎಂದ ಅವನು. ಕೊನೆಗೆ ತೀರ್ಮಾನವಾದದ್ದು: ಮೇಲಿನ ಹಳೇ ಶಾಲೆಯ ಬೀಗ ತೆಗೆದು ಅದನ್ನೇ ಹಾಸ್ಟೆಲ್ ಮಾಡುವುದು. ಇಂಜಿನಿಯರ್ ಒಪ್ಪಿದ್ದಾನೆ. ನೀನು ನಿವೃತ್ತಳಾದರೂ ಮಕ್ಕಳು ಬರುತ್ತಾರೆ. ನೂರಾ ನಲವತ್ತು ಮೆಟ್ಟಿಲ ಮೇಲೆ ಮಲಗುತ್ತಾರೆ, ಒಣಗಿದ ನೆಲದಲ್ಲಿ. ಅವರ ಬಟ್ಟೆ ನನಗೆ ಕಾಣುವುದಿಲ್ಲ. ಇರಲಿ. ಕಾಣುವುದಿಲ್ಲ ಎಂದು ಅಳು ಬರುತ್ತದೆ, ಅದನ್ನೂ ನಿನ್ನಿಂದ ಮುಚ್ಚಿಡುವುದಿಲ್ಲ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಬರೆಯಬೇಕು. ಕೊನೆಯ ದಿನ ಬೆಳಗ್ಗೆ ನೀನು ಮೇಲೆ ಅನಾರ್ಗಿರೋಸನ ಜೊತೆ ಜಗಳಕ್ಕೆ ಹೋಗಿದ್ದೆಯಲ್ಲ, ಆಗ ಮಕ್ಕಳೆಲ್ಲ ದೋಣಿಮನೆ ಗೋಡೆಯ ಮುಂದೆ ಕೂತು ಲೆಕ್ಕ ಮಾಡುತ್ತಿದ್ದರು. ಗಾಳಿ ಇರಲಿಲ್ಲ. ಕಡಲು ಉಸಿರನ್ನೇ ಬಿಡದಂತೆ ಮಲಗಿತ್ತು, ಹಬೆಯಲ್ಲಿ ಅವರ ತಲೆಗಳು ಮಾತ್ರ ಕಾಣುತ್ತಿದ್ದವು. ನಾನು ಬಟಾಣಿ ಸುಲಿಯುತ್ತಿದ್ದೆ. ಒಂದಷ್ಟು ಹೊತ್ತು ಗುಸುಗುಸು ಆಯಿತು. ಆಮೇಲೆ ರಾಲ್ಲೂ, ಆ ಲೆಕ್ಕದ ಹುಡುಗಿ, ಬಾಗಿಲಿಗೆ ಬಂದು ನಿಂತಳು. ಹಿಂದೆ ಎಲ್ಲಾ ಮಕ್ಕಳು.

"ಅತ್ತೇ, ನಿಮಗೆಷ್ಟು ವಯಸ್ಸು?"

"ಅರವತ್ನಾಲ್ಕು. ಯಾಕೆ, ಗಂಡು ನೋಡಿದ್ದೀಯಾ?"

ಯಾರೂ ನಗಲಿಲ್ಲ. "ನನಗೆ ಹದಿಮೂರು. ನಾನು ನಿಮ್ಮಷ್ಟಾದಾಗ ನೀರು ಎಲ್ಲಿರುತ್ತೆ ಅಂತ ಲೆಕ್ಕ ಹಾಕಿದ್ವಿ. ಒಂದು ಗೆರೆ ಎಳೀಬೇಕು. ಅದು... ಆ ನೀರು ಹೊರಗಿನ ಗೋಡೆಯಲ್ಲೇ ನಿಲ್ಲಲ್ಲ ಅತ್ತೆ."

"ಮತ್ತೆ ಎಲ್ಲಿ ಬರುತ್ತೆ?"

ಅವಳು ಒಳಗೆ ಕೈ ತೋರಿಸಿದಳು, ನಾನು ಮಲಗುವ ಕೋಣೆಯ ಕಡೆ.

"ಹಾಗಾದ್ರೆ ಒಳಗೆ ಬನ್ನಿ. ಬಾಗಿಲಲ್ಲಿ ನಿಂತು ಮನೆಗೆ ದೃಷ್ಟಿ ಹಾಕ್ಬೇಡಿ" ಎಂದೆ.

ಚಪ್ಪಲಿ ಹೊರಗೆ ಬಿಟ್ಟು ಬಂದರು ಪಾಪ, ಸದ್ದಿಲ್ಲದೆ. ನಾನೇ ನೀಲಿ ಡಬ್ಬಿ ತೆಗೆದುಕೊಟ್ಟೆ. ರಾಲ್ಲೂ ದಾರ ಕಟ್ಟಿ, ನೀರು ತುಂಬಿದ ಪ್ಲಾಸ್ಟಿಕ್ ಕೊಳವೆ ಹಿಡಿದು, ನೀನು ಕಲಿಸಿದ ಹಾಗೆ ಮಟ್ಟ ನೋಡಿದಳು. ಇನ್ನೊಬ್ಬಳ ಜೊತೆ ಕಿವಿಯಲ್ಲಿ ಮಾತಾಡಿದಳು. ಆಮೇಲೆ ಬಗ್ಗಿ, ಗೋಡೆಯ ಬುಡದಲ್ಲಿ, ನೆಲಕ್ಕೆ ತಾಗಿದಂತೆ ಗೆರೆ ಎಳೆದಳು. ಎದ್ದು ನಿಂತು, "ಅಷ್ಟೇ ಅತ್ತೆ. ಕಾಲು ಒದ್ದೆ ಆಗುತ್ತೆ, ಅಷ್ಟೇ" ಎಂದಳು. ಎಲ್ಲರೂ ಹೌದು ಹೌದು ಎಂದು ತಲೆ ಆಡಿಸಿದರು. ಒಬ್ಬರೂ ನನ್ನ ಮುಖ ನೋಡಲಿಲ್ಲ.

ಎರಿಫಿಲಿ, ನಾನು ಶಾಲೆಗೆ ಹೋದವಳಲ್ಲ, ಆದರೆ ಬೆರಳು ಎಣಿಸಲು ಬರುತ್ತದೆ. ವರ್ಷಕ್ಕೆ ಒಂದು ಬೆರಳಾದರೆ ಐವತ್ತೊಂದು ವರ್ಷಕ್ಕೆ ಐವತ್ತೊಂದು ಬೆರಳು. ಇವತ್ತಿನ ನೀರಿನಿಂದ ನನ್ನ ಕೋಣೆಯ ನೆಲ ಇಪ್ಪತ್ತು ಬೆರಳು ಮೇಲಿದೆ ಅಷ್ಟೇ. ಮಿಕ್ಕ ಮೂವತ್ತೊಂದು ಬೆರಳು ಎಲ್ಲಿ ಹೋಯಿತು?

"ಯಾಕೇ ಪುಟ್ಟಿ ಇಷ್ಟು ಕೆಳಗೆ ಎಳೆದೆ?" ಎಂದೆ.

ಅವಳು ಕುಂಚ ಹಿಡಿದುಕೊಂಡೇ ಅಳಲು ಶುರು ಮಾಡಿದಳು. "ಅಲ್ಲಿ ನಿಮ್ಮ ಮಂಚ ಇದೆಯಲ್ಲ ಅತ್ತೆ..."

ಬಟಾಣಿಯ ಬುಟ್ಟಿ ಕೆಳಗಿಟ್ಟು ಅವಳನ್ನು ಹತ್ತಿರ ಕರೆದೆ. ಆ ಕೈ, ಆ ಗೆರೆ, ಎದುರಿಗಿರುವವರ ಮುಖ ಬಾಡಬಾರದೆಂದು ಎಳೆದದ್ದು. ಅಂಥ ಗೆರೆಯನ್ನು ನೋಡಿದ ಕೂಡಲೇ ಗುರುತು ಹಿಡಿಯಬಲ್ಲವರು ಈ ಲೋಕದಲ್ಲಿ ನನ್ನಷ್ಟು ಬೇರೆ ಯಾರಿದ್ದಾರೆ ಹೇಳು? ನನ್ನದೇ ಸೆರಗಿನಿಂದ ಅದನ್ನು ಒರೆಸಿದೆ, ಬಣ್ಣ ಇನ್ನೂ ಹಸಿಯಾಗಿತ್ತು.

"ಎಲ್ಲಿ ಬರುತ್ತೋ ಅಲ್ಲೇ ಎಳಿ" ಎಂದೆ.

ಮಂಚವನ್ನು ನಾಲ್ಕು ಹುಡುಗಿಯರು ಸೇರಿ ಈಚೆ ಎಳೆದರು. ಅವಳು ಮತ್ತೆ ಕೊಳವೆ ಹಿಡಿದಳು, ಮತ್ತೆ ಎಣಿಸಿದಳು. ಈ ಸಲ ಗೆರೆ ನೆಟ್ಟಗೆ ಬಂತು. ಹಾಸಿಗೆಗಿಂತ ನಾಲ್ಕು ಬೆರಳು ಮೇಲೆ, ದಿಂಬಿನ ಮಟ್ಟಕ್ಕೆ, ಈ ಗೋಡೆಯಿಂದ ಆ ಗೋಡೆಗೆ.

ಈಗ ಮಧ್ಯಾಹ್ನ. ಕಿಟಕಿಯಿಂದ ಬಂದ ಬೆಳಕು ಗೋಡೆಯ ಮೇಲೆ ಅಲೆ ಅಲೆಯಾಗಿ ಆಡುತ್ತಿದೆ, ಗೆರೆಯ ಮೇಲೂ ಆಡುತ್ತಿದೆ, ಕೆಳಗೂ ಆಡುತ್ತಿದೆ. ಇದನ್ನು ಬರೆದು ಮುಗಿಸಿ ಅದರ ಪಕ್ಕದಲ್ಲೇ ಸ್ವಲ್ಪ ಹೊತ್ತು ಮಲಗುತ್ತೇನೆ. ರಾಲ್ಲೂಗೆ ಹೇಳು, ಅವಳ ಲೆಕ್ಕ ಸರಿ ಇದೆ, ನಾನು ಎರಡು ಸಲ ಎಣಿಸಿ ನೋಡಿದೆ.

ನಿನ್ನ
ಸೆವಾಸ್ತಿ